ಹುಡುಗಿಯ ಅಪ್ಪ ಎಲ್ಲಿ?

ಎರಡನೆಯ ಮಗಳ ಮದುವೆಯಲ್ಲಿ ಡ್ರಿಲ್ ಮಾಸ್ತರರಿಗೆ ಇದ್ದದ್ದು ಒಂದೇ ಆಸೆ: ಅವಳ ಪಕ್ಕ ನಿಂತ ತಮ್ಮದೊಂದು ಫೋಟೊ. ಇಷ್ಟು ಚಿಕ್ಕ ಆಸೆಯನ್ನು ಬಾಯಿಬಿಟ್ಟು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಡೀ ಶಾಲೆಗೆ ಎದೆ ಸೆಟೆಸಿ ನಿಲ್ಲುವುದನ್ನು ಕಲಿಸಿದ ಮನುಷ್ಯ, ‘ನನ್ನದೂ ಒಂದು ತೆಗೀರಪ್ಪಾ’ ಎಂದು ಹಲ್ಲು ಗಿಂಜುವುದುಂಟೆ?

ಆಸೆಗೆ ಕಾರಣವಿತ್ತು. ದೊಡ್ಡ ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅವರ ಪಾಲಿಗೆ ಬಂದದ್ದು ಒಂದು ಮೊಣಕೈ. ಅದು ಅವರದೋ ಅಡುಗೆಯವನದೋ ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಅಂದು ಅವರು ನೀರು, ಕುರ್ಚಿ, ಕೆಟ್ಟು ನಿಂತ ಜನರೇಟರು ಎಂದು ಓಡಾಡಿದ್ದೇ ಓಡಾಡಿದ್ದು. ಆಗ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಮೊನ್ನೆ ಮೊಮ್ಮಗಳು ಆ ಆಲ್ಬಮ್ಮನ್ನು ತೊಡೆಯ ಮೇಲೆ ಹರಡಿಕೊಂಡು, “ತಾತಾ, ನಿಮ್ಮನ್ನ ಅಮ್ಮನ ಮದುವೆಗೆ ಕರೆದೇ ಇರ್ಲಿಲ್ವಾ?” ಎಂದು ಕೇಳಿದಳು.

ಹಾಗಾಗಿ ಈ ಸಲ ಫೋಟೊದವರನ್ನು ಆರಿಸುವ ಕೆಲಸವನ್ನು ತಾವೇ ಮೈಮೇಲೆ ಎಳೆದುಕೊಂಡರು. ಹುಡುಗನನ್ನು ಮಗಳು ತಾನೇ ಆರಿಸಿಕೊಂಡಿದ್ದಳು. ಅದಕ್ಕೆ ಅವರು ಒಂದೇ ಸಂಜೆಯಲ್ಲಿ ಹೂಂ ಅಂದಿದ್ದರು. ಫೋಟೊದವರ ವಿಷಯದಲ್ಲಿ ಮಾತ್ರ ಯಾರೂ ಅವರ ಪರೀಕ್ಷೆಯಲ್ಲಿ ಸುಲಭಕ್ಕೆ ಪಾಸಾಗಲಿಲ್ಲ. ಪರೀಕ್ಷೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಮಾದರಿ ಆಲ್ಬಮ್ ಕೈಗೆ ಬಂದೊಡನೆ ಅವರು ಮದುಮಗಳನ್ನು ಬಿಟ್ಟು ಅವಳ ಅಪ್ಪನನ್ನು ಹುಡುಕುತ್ತಿದ್ದರು.

ಮೊದಲನೆಯ ಸ್ಟುಡಿಯೊ ಹಳೆಯದು. ಅದರ ಯಜಮಾನ ವಧೂವರರನ್ನು ಒಂದು ಪುಟದಲ್ಲಿ ಗುಲಾಬಿಯೊಳಗೆ ಕೂರಿಸಿದ್ದ, ಇನ್ನೊಂದರಲ್ಲಿ ಚಂದ್ರನ ಮೇಲೆ ಹತ್ತಿಸಿದ್ದ. ಚಂದ್ರನವರೆಗೆ ಹೋದರೂ ಹುಡುಗಿಯ ಅಪ್ಪ ಸಿಗಲಿಲ್ಲ.

ಎರಡನೆಯವನು ಮಗಳ ಆಯ್ಕೆ. ಜುಟ್ಟು ಕಟ್ಟಿಕೊಂಡಿದ್ದ. “ಅಂಕಲ್, ನಾವು ಫೋಟೊ ತೆಗೆಯಲ್ಲ, ಕಥೆ ಹೇಳ್ತೀವಿ” ಎಂದ. ಅವನ ಕಥೆಯಲ್ಲಿ ಒಂದು ಚಪ್ಪಲಿ, ಅರ್ಧ ಕಿವಿ, ಕಿಟಕಿಯಲ್ಲಿ ಒಂದು ಬೆನ್ನು ಇದ್ದವು.

“ಹುಡುಗಿಯ ಅಪ್ಪ ಎಲ್ಲಪ್ಪಾ?”

“ಇದು ಅವರ ನೆರಳು, ಅಂಕಲ್.”

ಮೊಣಕೈಯಿಂದ ನೆರಳಿಗೆ ಇಳಿಯಲು ಮಾಸ್ತರರು ತಯಾರಿರಲಿಲ್ಲ. “ಬೆಳಕು ಸಾಲದು” ಎಂದು ಎದ್ದುಬಂದರು. ದಾರಿಯುದ್ದಕ್ಕೂ ಮಗಳು ಮುಖ ಊದಿಸಿಕೊಂಡಿದ್ದಳು.

“ಅಪ್ಪಾ, ಇದು ನನ್ನ ಮದುವೆ. ನಿಮ್ಮ ಪರೇಡ್ ಅಲ್ಲ.”

“ಫೋಟೊ ಅಂದ್ಮೇಲೆ ಮುಖ ಇರ್ಬೇಕಮ್ಮಾ.”

“ಯಾರ ಮುಖ?”

 ರಸ್ತೆ ದಾಟುವಾಗ ಎಡಕ್ಕೆ ನೋಡು, ಬಲಕ್ಕೆ ನೋಡು ಎಂದು ಮಾಸ್ತರರು ಉಪದೇಶ ಮಾಡಿದರು, ಅಷ್ಟೆ.

ಮೂರನೆಯವಳು ಮಾತು ಕಡಿಮೆಯ ಹೆಂಗಸು. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವಳ ಪುಟ್ಟ ಸ್ಟುಡಿಯೊ. ಅವಳ ಆಲ್ಬಮ್ ತೆರೆದರೆ, ಆಹಾ, ಅಪ್ಪಂದಿರು! ಬಾಗಿಲಲ್ಲಿ ಕನ್ನಡಕ ಒರೆಸಿಕೊಳ್ಳುವ ಅಪ್ಪ, ಮಗಳ ಸೆರಗಿಗೆ ಪಿನ್ನು ಹಾಕಲು ಹೋಗಿ ಬೆರಳು ಚುಚ್ಚಿಕೊಂಡ ಅಪ್ಪ. ಮಾಸ್ತರರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೂ ಗತ್ತು ಬಿಡಬೇಕಲ್ಲ.

“ಹುಡುಗಿ ಕಡೆಯವ್ರೂ... ಒಂದಷ್ಟು... ಬಂದ್ರೆ ಒಳ್ಳೇದು” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದರು.

“ಎಲ್ರೂ ಬರ್ತಾರೆ ಸಾರ್. ಎದುರಿಗೆ ಇದ್ರೆ ಸಾಕು” ಎಂದಳು ಆಕೆ. ಎದುರಿಗೆ ಇರುವುದೇನು ಮಹಾ ಎಂದುಕೊಂಡು ಮಾಸ್ತರರು ಒಪ್ಪಿಗೆ ಕೊಟ್ಟರು. ಜುಟ್ಟಿನವನನ್ನು ಬಿಟ್ಟುಕೊಡಲು ಮಗಳಿಗೆ ಎರಡು ದಿನ ಹಿಡಿಯಿತು.

ಮದುವೆಯ ದಿನ ಹೊಸ ಅಂಗಿ ತೊಟ್ಟು, ಕಪ್ಪು ಮಾಡಿಸಿದ ಮೀಸೆಯೊಂದಿಗೆ ಬಂದ ಮಾಸ್ತರರು ಊಟದ ಮನೆಯ ಕಡೆ ತಲೆಯನ್ನೂ ಹಾಕಲಿಲ್ಲ. ನೀರು ಮುಗಿದರೆ ಮುಗಿಯಲಿ. ಕ್ಯಾಮೆರಾ ಎಲ್ಲಿಯೋ ತಾವೂ ಅಲ್ಲೇ ಎಂದು ಫೋಟೊದಾಕೆಯ ಬೆನ್ನಿಗೆ ಬಿದ್ದರು. ಉಪಾಯವೇನೋ ಸರಿಯಾಗಿಯೇ ಇತ್ತು. ಆದರೆ ಕ್ಯಾಮೆರಾ ಇರುವ ಕಡೆ ಇದ್ದವರು ಫೋಟೊದಲ್ಲಿ ಬರುವುದಿಲ್ಲ ಎಂಬ ಸಣ್ಣ ಸಂಗತಿ ಅವರಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಶಾಲೆಯ ಗ್ರೂಪ್ ಫೋಟೊಗಳಲ್ಲಿ ವರ್ಷಾನುಗಟ್ಟಲೆ ಅವರ ಜಾಗ ಅದೇ ಆಗಿತ್ತು: ಕ್ಯಾಮೆರಾದ ಎಡಕ್ಕೆ ಒಂದು ಮಾರು ದೂರ, ಕೈ ಮೇಲೆತ್ತಿ.

ಗಂಡಿನ ಕಡೆಯವರು ವೇದಿಕೆ ಹತ್ತಿದರು. ಸಾಲು ಸೊಟ್ಟಗಿತ್ತು. ಮಾಸ್ತರರು ಒಂದು ಕ್ಷಣ ತಡೆದುಕೊಂಡರು. ನಿಜ ಹೇಳಬೇಕೆಂದರೆ ಅರ್ಧ ಕ್ಷಣ. ಹುಟ್ಟುಗುಣ ಸುಟ್ಟರೂ ಹೋಗದು.

“ಎರಡನೇ ಸಾಲು, ಒಂದು ಹೆಜ್ಜೆ ಹಿಂದೆ! ಗಲ್ಲ ಮೇಲೆ! ಎಲ್ರೂ ಇಲ್ಲಿ ನೋಡಿ, ಇಲ್ಲಿ!”

ಬೀಗರು ಬೆಚ್ಚಿಬಿದ್ದು ನೆಟ್ಟಗಾದರು. ಆಮೇಲೆ ಬಂದ ಗೆಳತಿಯರ ಸಾಲು, ಕಚೇರಿಯವರ ಸಾಲು, ನೆಂಟರ ಸಾಲು, ಯಾವುದನ್ನೂ ಅವರು ಬಿಡಲಿಲ್ಲ.

“ಸಾರ್, ನೀವೂ ಹೋಗಿ ನಿಂತ್ಕೊಳ್ಳಿ” ಎಂದಳು ಫೋಟೊದಾಕೆ.

“ಇರಮ್ಮಾ, ಇದೊಂದು ಸಾಲು ನೇರ ಆಗ್ಲಿ.”

ಕೊನೆಗೆ ಮನೆಯವರ ಫೋಟೊ. ನಿಂತುಕೊಳ್ಳಲು ಮಾಸ್ತರರು ವೇದಿಕೆಯ ಮೊದಲ ಮೆಟ್ಟಿಲು ಹತ್ತಿಯೂ ಹತ್ತಿದರು. ಆದರೆ ಹಿಂದಿನ ಸಾಲಿನಲ್ಲಿ ಎತ್ತರದ ಹಿರಿಯ ಅಳಿಯ ಕುಳ್ಳ ಚಿಕ್ಕಪ್ಪನನ್ನು ಪೂರಾ ಮುಚ್ಚಿದ್ದ. ಇಳಿದು ಬಂದರು, ಸರಿಪಡಿಸಿದರು, ಇನ್ನೂ ಸರಿಪಡಿಸುತ್ತಿದ್ದರು. ಅಷ್ಟರಲ್ಲಿ ಹೊರಡುವ ಹೊತ್ತಾಯಿತೆಂದು ಕಾರಿನವನು ಹಾರ್ನ್ ಹೊಡೆದ. ಗಡಿಬಿಡಿಯಲ್ಲಿ ಎಲ್ಲರೂ ಇಳಿದರು, ಮಗಳೂ ಹೊರಟುಹೋದಳು.

ಆಲ್ಬಮ್ ಬಂದದ್ದು ಒಂದು ಭಾನುವಾರ. ಮಾಸ್ತರರು ಎಂದಿನಂತೆ ಹುಡುಗಿಯ ಅಪ್ಪನನ್ನು ಹುಡುಕಿದರು. ಮೊಣಕೈ ಕೂಡ ಇರಲಿಲ್ಲ.

“ಅಯ್ಯೋ, ಎಲ್ಲರಿಗೂ ಮೆಳ್ಳೆಗಣ್ಣು!” ಎಂದು ಅವರ ಹೆಂಡತಿ ಹಣೆ ಚಚ್ಚಿಕೊಂಡರು. ನಿಜವೇ. ಪುಟ ಪುಟದಲ್ಲೂ ಬೀಗರು, ನೆಂಟರು, ಗೆಳತಿಯರು, ಒಬ್ಬರೂ ಕ್ಯಾಮೆರಾ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಒಂದು ಮಾರು ಪಕ್ಕಕ್ಕೆ. ಬೀಗರ ಕಣ್ಣಲ್ಲಿ ಭಯವಿತ್ತು. ಹೆಂಡತಿ ಕೂಡಲೇ ಫೋನ್ ಮಾಡಿ ಫೋಟೊದಾಕೆಯನ್ನು ತರಾಟೆಗೆ ತೆಗೆದುಕೊಂಡರು.

“ನಾನೇನ್ ಮಾಡ್ಲಿ ಅಮ್ಮಾ? ಅಷ್ಟೂ ಜನ ಸಾರ್ ಅವರನ್ನೇ ನೋಡ್ತಿದ್ರು” ಎಂದಿತು ಫೋನು.

ಹೆಂಡತಿ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ ಅಡುಗೆಮನೆಗೆ ಎದ್ದುಹೋದರು. ಮಾಸ್ತರರಿಗೆ ಒಳಗೊಳಗೇ ತುಸು ಹೆಮ್ಮೆ ಎನಿಸದೆ ಇರಲಿಲ್ಲ. ಇಡೀ ಮದುವೆ ತಮ್ಮನ್ನೇ ನೋಡಿದೆಯಲ್ಲ! ಆ ಹೆಮ್ಮೆಯಲ್ಲೇ ಕೊನೆಯ ಪುಟ ತಿರುವಿದರು.

ಅಲ್ಲಿ ಮನೆಯವರ ಎರಡು ಫೋಟೊಗಳಿದ್ದವು. ಮೊದಲನೆಯದರಲ್ಲಿ ಮಗಳು ಅವರನ್ನೇ ನೋಡುತ್ತಾ, ನಗುತ್ತಾ, ಬಲಗೈ ಪೂರ್ತಿ ಮುಂದೆ ಚಾಚಿದ್ದಳು. ಅವಳ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಬಾಯಿ ‘ಅಪ್ಪಾ, ಬನ್ನಿ’ ಅನ್ನುವಷ್ಟು ತೆರೆದಿತ್ತು.

ಎರಡನೆಯದರಲ್ಲಿ ಆ ಜಾಗ ಹಾಗೆಯೇ ಇತ್ತು. ಮಗಳ ಕೈ ಮಾತ್ರ ಕೆಳಗಿಳಿದು ತೊಡೆಗೆ ಅಂಟಿಕೊಂಡಿತ್ತು. ನಗು ಇರಲಿಲ್ಲ.

ಎರಡರ ನಡುವೆ ತಾವು ಕೂಗಿದ್ದು ಮಾಸ್ತರರಿಗೆ ಈಗ ನೆನಪಾಯಿತು. “ಮೊದಲನೇ ಸಾಲು, ಕೈ ಕೆಳಗೆ!”

“ಅದೇನು ಅಷ್ಟು ಹೊತ್ತಿಂದ ನೋಡ್ತಿದ್ದೀರಿ?” ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದರು.

ಮಾಸ್ತರರು ಆಲ್ಬಮ್ ಮುಚ್ಚಿದರು.

“ಏನಿಲ್ಲ. ಸಾಲು ನೇರವಾಗಿ ಬಂದಿದೆ.”