ಕೀಬೋರ್ಡ್ ಕೇಳವಲ್ದು

ತನ್ನ ಕೀಬೋರ್ಡಿನ ಸದ್ದು ಜನರಿಗೆ ಕೇಳಿಸುತ್ತಿಲ್ಲ ಎಂಬುದು ಅಮೃತಾಳ ಚಿಂತೆಯಾಗಿರಲಿಲ್ಲ. ಕೇಳಿಸದಿರುವುದು ತನಗೆ ಒಳಗೊಳಗೇ ಹಿತವಾಗಿದೆಯಲ್ಲ, ಅದು ಚಿಂತೆಯಾಗಿತ್ತು. ಯರಗುಪ್ಪಿಯ ಕಾರ್ಯಕ್ರಮದ ಹಿಂದಿನ ದಿನ ಡೈರಿಯಲ್ಲಿ ಅದನ್ನು ಒಂದೇ ಸಾಲಿನಲ್ಲಿ ಬರೆದು, ಬರೆದದ್ದನ್ನು ಓದಿ, ನಾಚಿಕೆಯಾಗಿ ಡೈರಿಯನ್ನು ಹಾಸಿಗೆಯ ಮಡಿಕೆಯಲ್ಲಿ ತುರುಕಿದ್ದಳು. ತಪ್ಪಿದ ಸ್ವರ ಕೇಳಿಸದಿದ್ದರೆ ತಪ್ಪಿದವಳು ಕಾಣಿಸುವುದಿಲ್ಲ. ನಾಲ್ಕು ನೂರು ಜನರ ಎದುರು ಕೂತೂ ಯಾರ ಕಣ್ಣಿಗೂ ಬೀಳದಿರುವುದು ಸಣ್ಣ ಸುಖವೇನಲ್ಲ.

ಪ್ರಭು ಕಾಕಾನಿಗೆ ಮಾತ್ರ ಅದು ತಲೆನೋವಾಗಿತ್ತು. ಗುಡಗೇರಿಯ ಮೆಲೋಡಿ ತಂಡಕ್ಕೆ ಮಾಲೀಕನೂ ಅವನೇ, ಹಾಡುಗಾರನೂ ಅವನೇ. ಮೂರು ತಿಂಗಳ ಹಿಂದೆ ಹುಬ್ಬಳ್ಳಿಗೆ ಹೋಗಿ ದೊಡ್ಡ ಸ್ಟೇಜ್ ಕೀಬೋರ್ಡ್ ತಂದಿದ್ದ. ಅಂಗಡಿಯವನು ಬಾರಿಸಿ ತೋರಿಸಿದಾಗ ಕಪಾಟಿನ ಗಾಜು ನಡುಗಿದ್ದವಂತೆ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಅಣ್ಣನ ಮಗಳನ್ನು ಕರೆದು, “ಮಡಿವಾಳೆಪ್ಪಜ್ಜನ ಕಡೆ ಹತ್ತು ವರ್ಷ ಪೇಟಿ ಕಲತಾಕಿ ನೀನು. ಆ ಹಾರ್ಮೋನಿಯಂ ನುಡಿಸಿದ ಕೈಗೆ ಇದೇನು ದೊಡ್ಡದು?” ಎಂದು ಅದರ ಮುಂದೆ ಕೂರಿಸಿದ. ಗಾಜು ನಡುಗಿಸಿದ ಕೀಬೋರ್ಡು ಗುಡಗೇರಿಗೆ ಬಂದದ್ದೇ ಬಾಯಿಗೆ ಬೀಗ ಹಾಕಿಕೊಂಡಿತು. ತಂಬೂರು ಎಂಬ ಊರಿನ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು, “ಆ ಹುಡುಗಿ ಮುಂದ ಇಟ್ಟದ್ದು ಇಸ್ತ್ರಿ ಮಾಡೂ ಟೇಬಲ್ಲೇನು?” ಎಂದು ಕೇಳಿದ್ದರು.

ಬೈಗುಳವೆಲ್ಲ ಸೌಂಡ್ ಸೆಟ್ಟಿನ ಬುಡನಸಾಬರ ಪಾಲಿಗೆ ಹೋಗುತ್ತಿತ್ತು. ಪ್ರಭುವಿಗೆ ಮೀಸೆ ಮೂಡುವ ಮೊದಲಿನಿಂದಲೂ ಈ ಸೀಮೆಯ ಮದುವೆಗಳಿಗೆ ಬಾಕ್ಸು ಕಟ್ಟುತ್ತ ಬಂದವರು ಅವರು. ಅವರದೊಂದು ನೇಮವಿತ್ತು: ಯಾರ ವಾದ್ಯವನ್ನೂ ಕೈಯಿಂದ ಮುಟ್ಟುತ್ತಿರಲಿಲ್ಲ. ವಾಯರು ನನ್ನದು, ವಾದ್ಯ ನಿಮ್ಮದು ಎನ್ನುವರು. ತಬಲಾದ ಮೈಕನ್ನು ಸರಿಸಬೇಕಾದರೂ ತಬಲಾದವನನ್ನು ಕೇಳಿಯೇ ಸರಿಸುವರು.

ಆ ದಿನ ಯರಗುಪ್ಪಿಯಲ್ಲಿ ಮದುವೆ. ಹನ್ನೆರಡೂವರೆಗೆ ಅಕ್ಕಿಕಾಳಿನ ಮುಹೂರ್ತ. ಒಂಬತ್ತಕ್ಕೇ ತಂಡದವರು ಬಂದು ಪೆಂಡಾಲಿನ ಬಾಜೂಕ್ಕಿದ್ದ ಸ್ಟೇಜಿನ ಮೇಲೆ ಸಾಮಾನು ಹೂಡಿದ್ದರು. ಹಿಂದೆ ಅಡಿಗೆಯವರು ಬದನೆಕಾಯಿ ಹೆಚ್ಚುತ್ತಿದ್ದರು.

“ಅಮೃತಾ, ಒಂದ ಸ್ವರ ಹಿಡಿಯವಾ,” ಎಂದ ಪ್ರಭು.

ಅಮೃತಾ ಹಿಡಿದಳು. ಎರಡು ಆಳೆತ್ತರದ ಬಾಕ್ಸುಗಳಿಂದ ಏನೋ ಒಂದು ಬಂತು, ಮೂರು ಮನೆಯಾಚೆ ಯಾರೋ ರೇಡಿಯೋ ಹಚ್ಚಿದಂತೆ.

“ಅಕ್ಕಾ, ನಿನ್ನ ಕೀಬೋರ್ಡು ಇವತ್ತೂ ಒಪ್ಪತ್ತು ಹಿಡದೈತೇನು?” ಎಂದ ರಿದಂ ಪ್ಯಾಡಿನ ಶಾಹಿದ್. “ಬದನಿಕಾಯಿ ಪಲ್ಯ ಆಗೂತನಾ ಕಾಯತೈತೋ ಏನೋ.”

“ನೀ ಬಾಯಿ ಮುಚ್ಚಲೇ. ಅಮೃತಾ, ವಾಲ್ಯೂಮ್ ಫುಲ್ ಐತಿಲ್ಲೋ?”

“ಫುಲ್ ಐತ್ರಿ ಕಾಕಾ.”

ಅದು ಸುಳ್ಳಲ್ಲ. ಗುಂಡಿಯನ್ನು ಅವಳು ಕೊನೆಯ ಗೆರೆಯವರೆಗೆ ತಿರುಗಿಸಿದ್ದಳು.

ಬುಡನಸಾಬರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಶುರು ಮಾಡಿದರು. ವಾಯರು ಬದಲಿಸಿದರು. ಪಿನ್ನು ಹೆಡ್‌ಫೋನಿನ ತೂತಿಗೆ ಹೋಗಿಲ್ಲ, ಸರಿಯಾದ ತೂತಿನಲ್ಲೇ ಇದೆ ಎಂದು ಬಗ್ಗಿ ನೋಡಿದರು. ಕಾಲಿನ ಪೆಡಲನ್ನು ಅಮೃತಾಳ ಕೈಯಿಂದಲೇ ಕೀಳಿಸಿದರು. ಆಮೇಲೆ ಕೀಬೋರ್ಡಿನ ಲೈನಿಗೆ ಮೈಕು ಹಚ್ಚಿದರು. “ಹಲೋ” ಎಂದ ಪ್ರಭುವಿನ ದನಿ ಊರ ಹೊರಗಿನ ಹತ್ತಿ ಹೊಲದವರೆಗೆ ಹೋಯಿತು.

“ಲೈನ್ ಬರೋಬ್ಬರಿ ಐತಿ ನೋಡಪಾ.”

“ಹಂಗಾರ ನನ್ನ ಕೀಬೋರ್ಡ್ ಕೆಟ್ಟೈತಿ ಅಂತೀರೇನು? ಅಂಗಡ್ಯಾಗ ಗಾಜು ನಡಗಿದ್ದು ನಾ ನನ್ನ ಕಣ್ಣಾರೆ ನೋಡೇನಿ. ನಿಮ್ಮ ಮಿಕ್ಸರು ಭಜನಿ ಕಾಲದ್ದು ಚಾಚಾ. ಹೊಸಾ ವಾದ್ಯ ಅದಕ್ಕ ಅರಗೂದಿಲ್ಲ.”

“ಅರಗತೈತಿ, ಸ್ವಲ್ಪ ತಡಿ.”

“ಮೂರು ತಿಂಗಳ ತಡದೇನಲ್ರಿ.” ಪ್ರಭು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ಅವನ ದನಿ ಏರಲಿಲ್ಲ. “ಇವತ್ತಿಂದೊಂದು ಮುಗಸ್ರಿ ಸಾಕು. ಮುಂದಿನ ಮದುವಿಗೆ ಹುಬ್ಬಳ್ಳಿ ಸೌಂಡ್ ಸೆಟ್ಟಿನವರಿಗೆ ಹೇಳಿಬಿಟ್ಟೇನಿ. ಅಲ್ಲಿಂದ ಮುಂದೂ ಅವರ.”

ಶಾಹಿದನ ಕೈಯ ಕೋಲು ಪ್ಯಾಡಿನ ಮೇಲೆ ನಿಂತೇ ಇತ್ತು. ಕೇಳಿಸದಿದ್ದರೆ ಯಾರಿಗೆ ಏನು ನಷ್ಟ ಎಂದು ಅಮೃತಾ ಮೂರು ತಿಂಗಳಿಂದ ಅಂದುಕೊಂಡಿದ್ದಳು. ನಷ್ಟ ಇಲ್ಲೇ, ಎರಡು ಮಾರು ದೂರದಲ್ಲಿ, ಬಾಯಿ ಅರ್ಧ ತೆರೆದು ನಿಂತಿತ್ತು. ಬುಡನಸಾಬರು ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು, ಮತ್ತೆ ಮೊದಲಿನ ಹೆಗಲಿಗೇ ಹಾಕಿಕೊಂಡರು.

“ಆತಪಾ,” ಎಂದರು. “ಇವತ್ತೊಂದಿನಾದ್ರೂ ಕೇಳಸೂಣು.”

ಮಿಕ್ಸರಿನಲ್ಲಿ ಕೀಬೋರ್ಡಿನ ಲೈನಿಗೆ ಇದ್ದಬದ್ದ ಗುಂಡಿಗಳನ್ನೆಲ್ಲ ತುದಿಗೆ ತಿರುಗಿಸಿದರು. ಬಾಕ್ಸುಗಳು ಹಾವಿನಂತೆ ಬುಸುಗುಟ್ಟತೊಡಗಿದವು. ಆಮೇಲೆ ಬ್ಯಾಟರಿ ದೀಪ ಹಿಡಿದು, ಪಿನ್ನನ್ನು ಮತ್ತೊಮ್ಮೆ ನೋಡಲೆಂದು ಕೀಬೋರ್ಡಿನ ಸ್ಟ್ಯಾಂಡಿನ ಕೆಳಗೆ ತೆವಳಿದರು. ನೋಡಿ ಏಳುವಾಗ ಮೊಣಕಾಲು ಹಿಡಿದುಕೊಂಡಿತು. ಆಸರೆಗೆಂದು ಮೊಣಕೈ ಮೇಲಿಟ್ಟರು. ಮೈಯ ಭಾರವೆಲ್ಲ ಹೋಗಿ ಕೀಬೋರ್ಡಿನ ಕೀಗಳ ಮೇಲೆ ಬಿತ್ತು.

ಸದ್ದಲ್ಲ ಅದು, ಏಟು. ಪೆಂಡಾಲಿನ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು. ಅಡಿಗೆಯವನ ಕೈಯ ಚಾಕು ಬಿತ್ತು. ಅಕ್ಕಿಗೆ ಅರಿಷಿಣ ಕಲಸುತ್ತಿದ್ದ ಹೆಂಗಸರ ಕೈ ಪರಾತದಲ್ಲೇ ನಿಂತವು. ಎದುರು ಮನೆಯ ಕಟ್ಟೆಗೆ ಕಟ್ಟಿದ್ದ ಕರು ಹಗ್ಗ ಹರಿದುಕೊಂಡು ಹೊಲದತ್ತ ಓಡಿತು. ಅದರ ಹಿಂದೆಯೇ ಬಲಗಡೆಯ ಬಾಕ್ಸು ಫಟ್ಟೆಂದು, ಸುಟ್ಟ ರಬ್ಬರಿನ ವಾಸನೆ ಬಂದು, ಸುಮ್ಮನಾಯಿತು. ತೊಟ್ಟಿಲಲ್ಲಿದ್ದ ಕೂಸೊಂದು ಅಳಬೇಕೆಂಬುದನ್ನೂ ಮರೆತು ಕಣ್ಣು ಬಿಟ್ಟುಕೊಂಡು ಮಲಗಿತ್ತು.

ಎರಡೂ ಕಿವಿ ಮುಚ್ಚಿಕೊಂಡಿದ್ದ ಪ್ರಭುವಿಗೆ ಕೈ ತೆಗೆಯಲು ಹೊತ್ತು ಹಿಡಿಯಿತು. ಓಡಿಹೋಗಿ ಎಲ್ಲ ಗುಂಡಿಗಳನ್ನು ಕೆಳಗಿಳಿಸಿದವನು ಶಾಹಿದ್.

“ಲೂಸ್ ಕನೆಕ್ಷನ್,” ಎಂದ ಪ್ರಭು. ಅವನ ಮುಖ ಸುಣ್ಣವಾಗಿತ್ತು. “ಒಮ್ಮೆ ಬರೂದಿಲ್ಲ, ಬಂದ್ರ ಹಿಂಗ. ಮಂದಿ ಕಿವಿ ಹೋಗತಿದ್ವು ಚಾಚಾ. ಇನ್ನ ಏನ್ ಹೇಳೂದೈತಿ?”

ಬುಡನಸಾಬರು ಸುಟ್ಟ ಬಾಕ್ಸಿನ ಕಡೆಗೆ ನೋಡಲಿಲ್ಲ. ಮೊದಲು ಟವೆಲ್ಲಿನ ತುದಿಯಿಂದ ತಮ್ಮ ಮೊಣಕೈ ತಾಕಿದ್ದ ಕೀಗಳನ್ನು ಒಂದೊಂದಾಗಿ ಒರೆಸಿದರು.

“ತಪ್ಪಾತು ಮಗಳ,” ಎಂದರು ಅಮೃತಾಳಿಗೆ. “ನಿನ್ನ ವಾದ್ಯಕ್ಕ ಕೈ ಹತ್ತಿತು.”

ಆ ಸದ್ದಿನ ಏಟಿಗಿಂತ ಈ ಮಾತಿನ ಏಟೇ ಅವಳಿಗೆ ಜೋರಾಗಿ ಬಿತ್ತು.

“ಪ್ರಭು ಅನ್ನೂದು ಖರೇ ಐತಿ,” ಬುಡನಸಾಬರು ಈಗ ತಮ್ಮಷ್ಟಕ್ಕೆ ಮಾತಾಡಿದಂತೆ ಹೇಳಿದರು. “ಪಿನ್ನಿನ ಬೆಸಿಗಿ ನಾನ ಹಾಕಿದ್ದು. ಕಣ್ಣು ಮಂಜ ಆಗ್ಯಾವ. ಎಲ್ಲೋ ಬಿಟ್ಟಿರಬೇಕು.” ಕೀಬೋರ್ಡಿನ ವಾಯರು ಕಿತ್ತು, ಮೊಣಕೈಗೂ ಹೆಬ್ಬೆರಳಿಗೂ ಹಾಕಿ ಸುತ್ತತೊಡಗಿದರು. “ಉಳದಿದ್ದೊಂದು ಬಾಕ್ಸಿನ ಮ್ಯಾಲೆ ಮೈಕಷ್ಟ ನಡಸ್ರಿ.”

ಏನಾದರೂ ಮಾಡುತ್ತ ಇರಬೇಕೆಂದು ಅಮೃತಾ ಹೆಡ್‌ಫೋನ್ ಹಾಕಿಕೊಂಡಳು. ಕೀಬೋರ್ಡೂ ಸುಟ್ಟಿದೆಯೋ ಏನೋ ಎಂಬ ಭಯವಿತ್ತು. ಒಂದು ಕೀ ಮುಟ್ಟಿದಳು. ಸೊಳ್ಳೆಯಂಥ ದನಿ ಬಂತು, ಯಾವಾಗಿನಂತೆ. ಕೀಬೋರ್ಡು ಸುಟ್ಟಿಲ್ಲ. ಆದರೆ ಈಗ ತಾನೇ ಊರನ್ನೇ ನಡುಗಿಸಿದ್ದು ಇದೇ ಏನು? ಬುಡನಸಾಬರ ಮೊಣಕೈ ಬಿದ್ದ ಜಾಗಕ್ಕೆ ಬೆರಳು ಒಯ್ದು, ಅವರು ಬಿದ್ದಂತೆಯೇ, ಭಾರ ಹಾಕಿ ರಪ್ಪನೆ ಒತ್ತಿದಳು.

ಕಿವಿಯೊಳಗೆ ಯಾರೋ ಕೂಗಿದಂತಾಗಿ ಹೆಡ್‌ಫೋನನ್ನು ಕಿತ್ತು ಹಿಡಿದಳು. ಮತ್ತೆ ಹಾಕಿಕೊಂಡಳು. ಮೆಲ್ಲಗೆ ಮುಟ್ಟಿದರೆ ಸೊಳ್ಳೆ. ಒತ್ತಿದರೆ ಕೂಗು. ನಡುವಿನಷ್ಟು ಒತ್ತಿದರೆ ನಡುವಿನಷ್ಟು. ನಾಲ್ಕು ಸಲ, ಐದು ಸಲ. ವಾಯರಿಲ್ಲ, ಮಿಕ್ಸರಿಲ್ಲ, ಬುಡನಸಾಬರ ಬೆಸುಗೆ ಇಲ್ಲ. ಇದ್ದದ್ದು ಅವಳ ಬೆರಳು ಮಾತ್ರ.

ಪೇಟಿಯಲ್ಲಿ ಕೀ ಎಷ್ಟು ಒತ್ತಿದರೂ ಸ್ವರ ಅಷ್ಟೇ. ಜೋರು ಬರುವುದು ಎಡಗೈ ತಿದಿ ಒತ್ತಿದಾಗ. ಮಡಿವಾಳೆಪ್ಪಜ್ಜನ ಪೇಟಿಯ ಕೀಗಳು ಸಡಿಲಾಗಿದ್ದವು, ಸ್ವಲ್ಪ ಬಿಗಿಯಾಗಿ ಒತ್ತಿದರೂ ಟಕ್ ಎನ್ನುತ್ತಿದ್ದವು. “ಸ್ವರ ಕೇಳಬೇಕು, ಬೆರಳು ಕೇಳಬಾರದು,” ಎಂದು ಅಜ್ಜ ಗೆಣ್ಣಿನ ಮೇಲೆ ಹೊಡೆದು ಕಲಿಸಿದ್ದ. ಹತ್ತು ವರ್ಷ ಕಲಿತ ಬೆರಳು ಈ ಕೀಬೋರ್ಡನ್ನೂ ಹಾಗೇ ಸವರುತ್ತಿತ್ತು. ಅಂಗಡಿಯವನು ಪೇಟಿ ಕಲಿತಿರಲಿಲ್ಲ, ಬಡಿದ, ಗಾಜು ನಡುಗಿದವು. ಬುಡನಸಾಬರು ತಮ್ಮ ನೇಮ ಮುರಿದು ಒಂದು ದಿನ, ಒಂದೇ ಒಂದು ಕೀ ಒತ್ತಿ ನೋಡಿದ್ದರೆ ಸಾಕಿತ್ತು.

ಮೂರು ತಿಂಗಳು. ಇಷ್ಟು ಸಣ್ಣ ಸಂಗತಿ, ಮೂರು ತಿಂಗಳು. ಅವಳು ಹುಡುಕಿರಲಿಲ್ಲ, ಹುಡುಕುವ ಮನಸ್ಸೇ ಇರಲಿಲ್ಲ.

ಸುಮ್ಮನಿದ್ದರೂ ನಡೆಯುತ್ತದೆ ಎಂಬುದು ಅವಳಿಗೆ ಗೊತ್ತಾಯಿತು. ಇಂದಿನಿಂದ ಜೋರಾಗಿ ಒತ್ತಿದರಾಯಿತು. ಮುಂದಿನ ಮದುವೆಯಲ್ಲಿ ಕೀಬೋರ್ಡು ಗಣಗಣ ಎನ್ನುತ್ತದೆ, ಹುಬ್ಬಳ್ಳಿ ಸೆಟ್ಟಿನ ಮಹಿಮೆ ಎಂದು ಪ್ರಭು ಕಾಕಾ ಹೇಳಿಕೊಳ್ಳುತ್ತಾನೆ. ಬುಡನಸಾಬರು ತಮ್ಮ ಕಣ್ಣಿನ ಮಂಜನ್ನು ಸಾಯುವವರೆಗೂ ನಂಬಿರುತ್ತಾರೆ. ಯಾರೂ ಇವಳ ಕಡೆ ತಿರುಗಿ ನೋಡುವುದಿಲ್ಲ.

ಬುಡನಸಾಬರು ಸುತ್ತಿದ ವಾಯರನ್ನು ಚೀಲಕ್ಕೆ ಹಾಕಿ, ಎರಡನೆಯದರ ತುದಿ ಹುಡುಕುತ್ತಿದ್ದರು. ಅದು ಅವರ ಕಾಲಿನ ಹತ್ತಿರವೇ ಬಿದ್ದಿತ್ತು. ಅವರು ಬೇರೆ ಕಡೆ ತಡವುತ್ತಿದ್ದರು.

ಅಮೃತಾ ಎದ್ದು ಹೋಗಿ ಆ ತುದಿಯನ್ನು ಎತ್ತಿಕೊಂಡಳು. ಕೊಡಲಿಲ್ಲ, ಹಿಡಿದುಕೊಂಡು ನಿಂತಳು. ಪೆಂಡಾಲಿನ ಜನರೆಲ್ಲ ಇನ್ನೂ ಸ್ಟೇಜಿನ ಕಡೆಗೇ ನೋಡುತ್ತಿದ್ದರು. ಅರಿಷಿಣದ ಕೈಯ ಹೆಂಗಸರು, ಅಡಿಗೆಯವರು, ಕರು ಹಿಡಿಯಲು ಹೋಗಿ ತಿರುಗಿ ಬಂದವರು, ಎಲ್ಲರೂ.

“ಏನಾತು ಮಗಳ?”

“ಇದನ್ನ ಸುತ್ತಬ್ಯಾಡ್ರಿ ಚಾಚಾ,” ಎಂದಳು. ಅಷ್ಟು ಮೆಲ್ಲಗೆ ಅಂದದ್ದು ಪ್ರಭುವಿಗೆ ಕೇಳಿಸಲಿಲ್ಲ, ಅವನು “ಏನಂದಿ?” ಎಂದು ಹತ್ತಿರ ಬಂದ. ಅವಳು ಅವನ ಮುಖ ನೋಡಿದಳು, ಆಮೇಲೆ ಪೆಂಡಾಲಿನ ಕೊನೆಯವರೆಗೂ ಮುಟ್ಟುವ ದನಿಯಲ್ಲಿ ಹೇಳಿದಳು:

“ಚಾಚಾನ ಸೆಟ್ಟಿಗೆ ಏನೂ ಆಗಿದ್ದಿಲ್ಲ ಕಾಕಾ. ಮೂರು ತಿಂಗಳಿಂದ ನಾನ ಕೀ ಒತ್ತಿಲ್ಲ, ಬರೇ ಮುಟ್ಟೇನಿ.”