ಮೇಣ ಒಡೆದ ತಾಯಿತ

ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವ ಮುಸ್ತಾಕನ ಕೈ ಎಂದರೆ ಸುಮ್ಮನೆ ಅಲ್ಲ. ದಾರ ಹಿಡಿದು ಅಳೆದರೂ ಅವನ ಹೊಲಿಗೆಯಲ್ಲಿ ಕೂದಲೆಳೆಯಷ್ಟು ಸೊಟ್ಟ ಸಿಗುತ್ತಿರಲಿಲ್ಲ. ಅಂಥವನು ಯಳವತ್ತಿಯ ಬಾಣಂತಿಯ ಗಾದಿಯೊಳಗೆ ಗೇಣುದ್ದದ ಸೂಜಿ ಮರೆತು ಕಳಿಸಿದ. ಪುಣ್ಯಕ್ಕೆ, ಕೂಸನ್ನು ಮಲಗಿಸುವ ಮೊದಲೇ ಅದು ಅಜ್ಜಿಯ ಕೈಗೆ ಚುಚ್ಚಿತು. ಆ ಮನೆಯವರು ಗಾದಿಯನ್ನು ಮುಸ್ತಾಕನ ಅಂಗಳಕ್ಕೆ ತಂದು ಎಸೆದು, ಮನೆತನವನ್ನೆಲ್ಲ ಬೈದು ಹೋದರು.

"ಯಾರದೋ ದೃಷ್ಟಿ ತಾಗೈತಿ ನನ್ನ ಮಗಗ," ಅಂದಳು ತಾಯಿ ಖಾತುನಬಿ. "ತಾಯಿತ ಕಟ್ಟಿ ಎರಡ ತಿಂಗಳಾತು, ಪೀಡಾ ಇನ್ನೂ ಬಿಟ್ಟಿಲ್ಲ ನೋಡು."

ಸೊಸೆ ನೂರೀನಳಿಗೆ ಮೈಯೆಲ್ಲ ಉರಿಯಿತು. ದೃಷ್ಟಿಯಂತೆ ದೃಷ್ಟಿ! ಗಂಡನ ಕಣ್ಣನ್ನು ಅವಳೂ ನೋಡುತ್ತಿದ್ದಳಲ್ಲ. ಕತ್ತಲ ಕೋಣೆಯಲ್ಲೂ ಕಣ್ಣಪಾಪೆ ಅರಳದೆ ಸಾಸಿವೆ ಕಾಳಿನಷ್ಟೇ ಇರುತ್ತಿತ್ತು. ತುತ್ತು ಕೈಯಲ್ಲಿರುವಾಗಲೇ ತೂಕಡಿಸುತ್ತಿದ್ದ, ಮೂಗು ತುರಿಸಿ ತುರಿಸಿ ಕೆಂಪು ಮಾಡಿಕೊಂಡಿದ್ದ. ಸೊಂಟನೋವಿಗೆಂದು ಶುರುಮಾಡಿದ ಗುಳಿಗೆಯ ಬಗ್ಗೆ ಕೇಳಿದರೆ "ಬಿಟ್ಟು ಭಾಳ ದಿನಾತು" ಎನ್ನುತ್ತಿದ್ದ. ಆದರೆ ತಾಯಿತವೆಂದರೆ ನಗುತ್ತಿದ್ದ ಆಸಾಮಿ ಈಗ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕೈ ನಡುಗಿದಾಗೆಲ್ಲ ಬಚ್ಚಲಿಗೆ ಹೋಗಿ, ಸ್ವಲ್ಪ ಹೊತ್ತಿಗೆ ನೆಟ್ಟಗಾಗುತ್ತಿದ್ದ. ಕೊಳವೆಯಂಥ ಆ ಟೊಳ್ಳು ತಾಯಿತದ ಬಾಯಿಗೆ ಮೆತ್ತಿದ್ದ ಮೇಣ ಒಡೆದದ್ದನ್ನು ಅವಳು ಕಂಡದ್ದು ಇವತ್ತೇ.

ಕಟ್ಟಿದ ತಾಯಿತ ಬಿಚ್ಚುವ ಹೆಣ್ಣು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ನೂರೀನ ತೂಕಡಿಸುತ್ತಿದ್ದ ಗಂಡನ ತೋಳು ಹಿಡಿದು, ಅತ್ತೆಯ ಎದುರಿಗೇ ಕತ್ತರಿಯಿಂದ ಕರಿದಾರ ಕತ್ತರಿಸಿದಳು.

"ಅಯ್ಯ, ಹುಚ್ಚ ಹಿಡದೈತೇನ ನಿನಗ? ಮನಿ ಹಾಳಾಕ್ಕೈತಿ!"

"ಹಾಳಾಗಾಕ ಇನ್ನೇನ ಉಳದೈತಿ ಅತ್ತಿ?" ಎನ್ನುತ್ತ ನೂರೀನ ತಾಯಿತವನ್ನು ಅಂಗೈ ಮೇಲೆ ತಟ್ಟಿದಳು. ನಾಲ್ಕು ಬಿಳಿ ಗುಳಿಗೆ ಉದುರಿದವು.

ಎಚ್ಚೆತ್ತ ಮುಸ್ತಾಕ ಮೊದಲು ಗುಳಿಗೆಗೆ ಕೈ ಚಾಚಿದ, ಆಮೇಲೆ ತಾಯಿಯ ಮುಖ ನೋಡಿದ. ನೂರೀನ ಗುಳಿಗೆಗಳ ಮೇಲೆ ಮುಷ್ಟಿ ಬಿಗಿದಳು.

"ತಾಯಿತದಾಗ ಇದ್ದ ದುವಾದ ಚೀಟಿ ಎಲ್ಲೈತಿ?" ಖಾತುನಬಿ ಮಗನನ್ನು ಕೇಳಿದಳು.

"ಕುರಾನ್ ಸುತ್ತಿದ ಬಟ್ಟ್ಯಾಗ ಇಟ್ಟೀನಿ," ಅವನು ತಲೆ ಎತ್ತದೆ ಹೇಳಿದ. "ಒಗ್ಯಾಕ ಮನಸ್ಸಾಗ್ಲಿಲ್ಲ."

"ಹಂಗಾರ ನೀ ಇನ್ನೂ ಪೂರ್ತಿ ಕೆಟ್ಟ ಹೋಗಿಲ್ಲ," ಅಂದಳು ನೂರೀನ. "ಏಳು. ಈಗ ಗದಗಿನ ದವಾಖಾನಿಗೆ ಹೋಗೋದು."

"ಸಂಜಿ ಆಗಲಿ, ಹಿತ್ತಲ ಬಾಗಿಲಿಂದ ಹೋಗೂಣು," ಅತ್ತೆ ಅವಳ ಸೆರಗು ಹಿಡಿದಳು. "ಓಣ್ಯಾಗ ಮರ್ಯಾದಿ ಹೋಗತೈತಿ."

"ಸೂಜಿ ಆ ಕೂಸಿಗೆ ಚುಚ್ಚಿದ್ರ ಉಳೀತಿತ್ತೇನು ಮರ್ಯಾದಿ? ಮುಂದಿನ ಬಾಗಲದಿಂದನ ಹೋಗ್ತೀನಿ. ಕೇಳಿದವ್ರಿಗೆ ಖರೇನ ಹೇಳ್ತೀನಿ!"

ಖಾತುನಬಿ ಸೊಸೆಯ ಸೆರಗು ಬಿಟ್ಟಳು. ಆಮೇಲೆ ಮಗನ ಚಪ್ಪಲಿ ತಂದು ಅವನ ಕಾಲ ಮುಂದೆ ಇಟ್ಟಳು. ಮುಸ್ತಾಕ ಅಳುತ್ತ ಎದ್ದ.

ಹೊಸ್ತಿಲು ದಾಟಿದ ಕೂಡಲೇ ಎದುರು ಮನೆಯ ಬಾನುಬಿ ಇಣುಕಿದಳು. "ಎಲ್ಲಿಗೆ ಹೊಂಟೀರಿ ಮೂರೂ ಮಂದಿ?"

ನೂರೀನ ಬಾಯಿ ತೆರೆಯುವಷ್ಟರಲ್ಲಿ ಖಾತುನಬಿಯೇ ಓಣಿಗೆಲ್ಲ ಕೇಳುವಂತೆ ಹೇಳಿದಳು: "ನನ್ನ ಮಗಗ ಗುಳಿಗಿ ಚಟ ಹತ್ತೈತಿ. ಬಿಡಿಸಾಕ ಹೊಂಟೇವಿ."