ಮುರುಗಲ ಉಂಡೆಗೆ ಬಿದ್ದ ತುಪ್ಪ

ನಾನು ಒಂದು ಮುರುಗಲೆಣ್ಣೆಯ ಉಂಡೆ. ಉಂಡೆ ಎನ್ನುವುದೂ ಈಗ ದೊಡ್ಡ ಮಾತೇ. ಸವೆದು ಸವೆದು ಹೆಬ್ಬೆರಳಿನಷ್ಟು ಉಳಿದಿದ್ದೇನೆ. ಸಾಕಾಗಿದೆ, ಆದರೂ ಹೇಳುತ್ತೇನೆ.

ಕುಮಟಾ ಕಡೆಯ ಬೀರಮ್ಮ ಮುರುಗಲ ಹಣ್ಣಿನ, ಅಂದರೆ ಪುನರ್ಪುಳಿಯ, ಸಿಪ್ಪೆಯನ್ನು ಸಾರಿಗೆಂದು ಒಣಗಿಸಿ, ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿದಳು. ಮೇಲೆ ತೇಲಿದ ಜಿಡ್ಡೇ ನಾನು. ಆ ಬೇಸಿಗೆಯ ಮೊದಲ ಜಿಡ್ಡಾದ್ದರಿಂದ ಒಂದು ಚಮಚ ಹಸುವಿನ ತುಪ್ಪ ಬೆರೆಸಿ, ಆರಿ ಗಟ್ಟಿಯಾದಾಗ ಅಂಗೈಯಲ್ಲಿ ಉರುಟಿ ಮೊಟ್ಟೆಯಷ್ಟು ಮಾಡಿದಳು. ಅದು ಆ ಮನೆಯ ರೂಢಿ. ಮೊದಲ ಉಂಡೆ ಮಾರಾಟಕ್ಕಲ್ಲ, ಮನೆಯ ಹಿರಿಯರ ಬಿರಿದ ಹಿಮ್ಮಡಿಗೆ.

ಆ ವರ್ಷ ಸಾಬೂನು ಮಾಡುವವರು ಊರಿನ ಹನ್ನೊಂದು ಹೆಂಗಸರ ಉಂಡೆಗಳನ್ನೆಲ್ಲ ಕೊಳ್ಳುತ್ತೇವೆ, ಮೊದಲು ಒಂದು ಮಾದರಿಯನ್ನು ಪರೀಕ್ಷೆಗೆ ಕೊಡಿ ಎಂದರು. ಬೀರಮ್ಮನಿಗೆ ಹಿಗ್ಗು. ಇದ್ದುದರಲ್ಲಿ ಚೆಂದದ್ದನ್ನೇ ಕೊಡಬೇಕಲ್ಲ! ಅತ್ತೆಗೆಂದು ಇಟ್ಟಿದ್ದ ನನ್ನನ್ನೇ ಬಾಳೆಲೆಯಲ್ಲಿ ಸುತ್ತಿ ಕೊಂಡೊಯ್ದಳು.

ಪ್ರಯೋಗಾಲಯದಲ್ಲಿ ನನ್ನನ್ನು ಕೆರೆದರು, ಕೆರೆದದ್ದನ್ನು ಕರಗಿಸಿದರು, ಯಂತ್ರಕ್ಕೆ ಕೊಟ್ಟರು. ನನ್ನೊಳಗೆ ಇಷ್ಟೊಂದು ಕೊಬ್ಬಿನಾಮ್ಲಗಳಿವೆ ಎಂದು ನನಗೇ ಗೊತ್ತಿರಲಿಲ್ಲ. ಗಟ್ಟಿ ಮಾಡುವ ಸ್ಟಿಯರಿಕ್ ಇತ್ತು, ಮೆದು ಮಾಡುವ ಓಲಿಯಿಕ್ ಇತ್ತು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಪರೀಕ್ಷೆ ಮಾಡುವ ವೀಣಾ ಹಾಳೆ ನೋಡಿ ಹುಬ್ಬು ಗಂಟಿಕ್ಕಿದಳು.

"ಇದರಲ್ಲಿ ಬ್ಯುಟಿರಿಕ್ ಆಮ್ಲ ಇದೆ ಅಮ್ಮಾ. ಅದು ಹಾಲಿನ ಕೊಬ್ಬಿನಲ್ಲಿರೋದು, ಮುರುಗಲದಲ್ಲಿ ಇರಲ್ಲ. ಏನೋ ಬೆರೆಸಿದ್ದೀರಿ."

"ತುಪ್ಪ ಹಾಕಿದ್ದೆ ಮಗಾ, ಮನೆ ಆಕಳದ್ದು. ಮೋಸ ಮಾಡೂಕೆ ಯಾರಾದ್ರೂ ತುಪ್ಪ ಹಾಕ್ತ್ರಾ?"

ವೀಣಾಗೆ ಅರ್ಥವಾಯಿತು. ಆದರೆ ಹಾಳೆಯಲ್ಲಿ ಬರೆಯಲು ಇದ್ದದ್ದು ಒಂದೇ ಮಾತು: ಕಲಬೆರಕೆ. ಇನ್ನೊಂದು ಮಾದರಿ ಕೊಡುತ್ತೇನೆಂದು ಬೀರಮ್ಮ ಹೇಳಿದರೂ ಸಾಬೂನಿನವರು ಕೇಳದೆ ಬೇರೆ ಊರಿಗೆ ಹೋದರು. ಉಳಿದ ಹತ್ತು ಹೆಂಗಸರು ಬಾವಿಕಟ್ಟೆಯಲ್ಲಿ ಬೀರಮ್ಮನ ಜೊತೆ ಮಾತು ಬಿಟ್ಟರು. ಬೈದುಬಿಟ್ಟಿದ್ದರೆ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು.

ಅರ್ಧ ಕೆರೆದ ನಾನು ಅಡುಗೆಮನೆಯ ಗೂಡು ಸೇರಿದೆ. ಅತ್ತೆ ಮಳೆಗಾಲದಲ್ಲಿ ತೀರಿಕೊಂಡರು. ಈಗ ಮನೆಗೆ ಹಿರಿಯಳು ಬೀರಮ್ಮನೇ. ಸಂಜೆ ನನ್ನನ್ನು ಒಲೆಯ ಬಿಸಿಗೆ ಹಿಡಿದು ತನ್ನ ಹಿಮ್ಮಡಿಗೆ ತಿಕ್ಕಿಕೊಳ್ಳುತ್ತಾಳೆ.

ಆ ಬೇರೆ ಊರಿನ ಮಾಲು ಸಾಲದೆ ಈ ಬೇಸಿಗೆ ಸಾಬೂನಿನವರು ಮತ್ತೆ ಬಂದು, ಬೀರಮ್ಮನ ಮೊದಲ ಉಂಡೆಯನ್ನೇ ಮಾದರಿಗೆ ಕೇಳಿದರು. ಮೊದಲ ಜಿಡ್ಡು ತೇಲಿದಾಗ ಬೀರಮ್ಮನ ಕೈ ತಾನಾಗಿಯೇ ತುಪ್ಪದ ಭರಣಿಗೆ ಹೋಯಿತು. ತುಂಬಿದ ಚಮಚವನ್ನು ತುಸು ಹೊತ್ತು ಹಿಡಿದುಕೊಂಡಿದ್ದು, ತಿರುಗಿ ಭರಣಿಗೇ ಸುರಿದಳು. ಆ ಉಂಡೆ ಪಾಸಾಯಿತು. ಹೆಂಗಸರು ಅವಳೊಡನೆ ಮತ್ತೆ ಮಾತಾಡಿದರು. ನನಗೂ ಸಮಾಧಾನವೇ. ಆದರೆ ಈ ವರ್ಷ ಅವಳ ಹಿಮ್ಮಡಿಗೆ ಮೊದಲ ಉಂಡೆ ಇಲ್ಲ. ಉಳಿದ ಇಷ್ಟರಲ್ಲೇ ನಾನು ಸಾಲಬೇಕು.